ಪರದೆ ಮುಚ್ಚಿದೆ

ಅಣ್ಣ ಮತ್ತೆ ಅವಳ ತೋರುಬೆರಳು ಹಿಡಿದು ಲ್ಯಾಪ್‌ಟಾಪಿನ ಟಚ್‌ಪ್ಯಾಡಿನ ಮೇಲೆ ದರದರ ಎಳೆದ. ಪರದೆಯ ಮೇಲಿದ್ದುದನ್ನು ಓದಿ ಹೇಳುವ ದನಿ ಅರ್ಧಂಬರ್ಧ ಮಾತುಗಳನ್ನು ಉಗುಳಿ ಸುಮ್ಮನಾಯಿತು.

"ಇಲ್ಲಿ ಕಣೇ, ಬಾಣ ಇಲ್ಲಿದೆ!"

"ನಂಗೆ ಬಾಣ ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ? ಎಲ್ಲಿ ಗೀರಿದ್ರೂ ಒಂದೇ. ಬಲಕ್ಕೆ ಗೀರಿದ್ರೆ ಮುಂದಿನದ್ದು ಓದತ್ತೆ, ಎರಡು ಸಲ ತಟ್ಟಿದ್ರೆ ತೆರೆಯತ್ತೆ. ಕೈ ಬಿಡು."

ಇದನ್ನೆಲ್ಲ ಫೋನ್ ಮಾಡಿ ಹೇಳಿಕೊಟ್ಟವರು ಅವಳಿಗೆ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಅವರಿಗೂ ಕಣ್ಣು ಕಾಣದು. ಅಣ್ಣನ ತಲೆಗೆ ಮಾತ್ರ ಅದು ಇಳಿಯುತ್ತಿರಲಿಲ್ಲ. ತಂಗಿಯ ಕಣ್ಣು ಹೋದಂದಿನಿಂದ ಅವಳ ಊಟ, ಬಟ್ಟೆ, ಮಾತು ಎಲ್ಲಕ್ಕೂ ತಾನೇ ಯಜಮಾನ ಎಂದುಕೊಂಡಿದ್ದ. ಪ್ರೀತಿಯಿಂದಲೇ, ಸುಳ್ಳಲ್ಲ. ಆ ಪ್ರೀತಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು.

ಅವಳು ರೇಡಿಯೋದಲ್ಲಿ ಸುದ್ದಿ ಬರೆಯುತ್ತಿದ್ದವಳು. ಬೆಳಿಗ್ಗೆ ಸಂಪಾದಕಿಯ ಮೇಲ್ ಬಂದಿತ್ತು: ಕೆಲಸಕ್ಕೆ ಮರಳುವುದಾದರೆ ಸಂಜೆಯೊಳಗೆ ತಿಳಿಸಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ.

"ಆಗಲ್ಲ ಅಂತ ಬರಿ. ಬೇಡ ತಾ, ನಾನೇ ಬರೀತೀನಿ," ಎಂದ ಅಣ್ಣ. "ಕಣ್ಣಿರೋನು ನಾನಿದ್ದೀನಲ್ಲ, ನಿಂಗ್ಯಾಕೆ ಈ ಉಸಾಬರಿ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದರೆ ಜಗಳ, ಜಗಳ ಮುಗಿಯುವಷ್ಟರಲ್ಲಿ ಸಂಜೆ. ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಳು. ಮೇಷ್ಟ್ರು ನಿನ್ನೆ ಕಲಿಸಿದಂತೆ ಮೂರು ಬೆರಳು ಜೋಡಿಸಿ ಮೂರು ಸಲ ತಟ್ಟಿದಳು. 'ಪರದೆ ಮುಚ್ಚಿದೆ' ಎಂದಿತು ಕಿವಿಯೊಳಗಿನ ದನಿ.

"ಅಯ್ಯೋ! ಎಲ್ಲ ಕಪ್ಪಾಯ್ತಲ್ಲೇ! ಕೆಡಿಸಿ ಕೂತ್ಯಲ್ಲ!" ಅಣ್ಣ ಗೋಡೆಯ ಸ್ವಿಚ್ಚಿನ ಹತ್ತಿರ ಓಡಿದ. ವೈರ್ ಕಿತ್ತ, ಚುಚ್ಚಿದ, ಮತ್ತೆ ಕಿತ್ತ.

ಕಪ್ಪಾದದ್ದು ಪರದೆಯಷ್ಟೇ, ಅವಳ ಕಿವಿಯಲ್ಲಿ ದನಿ ಓದುತ್ತಲೇ ಇತ್ತು. ಬಲಕ್ಕೆ ಗೀರಿದಳು, ಸಂಪಾದಕಿಯ ಹೆಸರು ಬಂತು. ತಟ್ಟಿ ತೆರೆದಳು. ಅವಸರದಲ್ಲಿ ಗೀರುತ್ತ ಹೋಗಿ 'ಅಳಿಸು' ಎಂಬಲ್ಲಿ ನಿಂತವಳು ಬೆರಳು ಎತ್ತಿಬಿಟ್ಟಳು. ಎಡಕ್ಕೆ ಗೀರಿ ಹಿಂದೆ ಬಂದಳು. 'ಉತ್ತರಿಸು'. ಎರಡು ಸಲ ತಟ್ಟಿದಳು.

ಕೀಲಿಮಣೆಯ ಕೀಲಿಗಳ ವಿಷಯದಲ್ಲಿ ಅವಳಿಗೆ ಯಾರ ಪಾಠವೂ ಬೇಕಿರಲಿಲ್ಲ. ಕಣ್ಣಿದ್ದಾಗಲೂ ಅವನ್ನು ನೋಡಿ ಒತ್ತಿದವಳಲ್ಲ. ಬರೆದಳು: 'ಸೋಮವಾರ ಬರುತ್ತೇನೆ. ನನ್ನ ಕುರ್ಚಿ ಯಾರಿಗೂ ಕೊಡಬೇಡಿ.' ಕಳಿಸಿದಳು. 'ಮೇಲ್ ಹೋಗಿದೆ' ಎಂದಿತು ದನಿ.

ಅಣ್ಣನಿಗೆ ಆಗ ಹೊಳೆಯಿತು. ವೈರ್ ಕೈಯಲ್ಲಿ ಹಿಡಿದೇ ಬಂದ.

"ಇಷ್ಟೊತ್ತು ಏನೇ ಕುಟ್ತಿದ್ದೆ? ಯಾರಿಗೆ ಬರೆದೆ? ಏನಂತ ಬರೆದೆ?"

ಅವಳು ಕಪ್ಪು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

"ಕಣ್ಣಿರೋನು ನೀನಿದ್ದೀಯಲ್ಲ, ಓದ್ಕೋ."