ಹೊಲದ ಕಡೆಯ ದೀಪಗಳು

ಸುಗಟೂರಿನ ದಾರಿಯಲ್ಲಿ ಹೊಸದಾಗಿ ಎದ್ದ ಬಡಾವಣೆಗೆ ಬೀದಿದೀಪಗಳನ್ನು ಆಯ್ಕೆ ಮಾಡುವ ಕೆಲಸ ತನ್ನ ಪಾಲಿಗೆ ಬಂದಾಗ ರಜನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕೋಲಾರದ ಮುನೇಶ್ ಅವರ ಲೇಔಟ್ ಕಚೇರಿಗೆ ಸೇರಿದಾಗಿನಿಂದ ಅವಳು ನೋಡಿಕೊಂಡಿದ್ದೆಲ್ಲ ಕೇಬಲ್ಲು, ಟ್ರಾನ್ಸ್‌ಫಾರ್ಮರು, ಮೀಟರ್ ಪೆಟ್ಟಿಗೆ. ಯಾರೂ ತಿರುಗಿ ನೋಡದ ಸಾಮಾನು. ಈಗ ಮೊದಲ ಸಲ, ಜನ ನಿಂತು ನೋಡಿ ‘ಚೆನ್ನಾಗಿದೆ’ ಅನ್ನುವಂಥದ್ದನ್ನು ಆಯ್ಕೆ ಮಾಡುವ ಸರದಿ.

ಅದೂ ಅವಳ ದೊಡ್ಡಮ್ಮನ ಹೊಲದ ಪಕ್ಕದಲ್ಲೇ. ಬಡಾವಣೆಯ ಬೇಲಿ ಮುಗಿಯುವಲ್ಲಿ ಮುನಿಗಂಗಮ್ಮನ ಸೇವಂತಿಗೆ ಶುರುವಾಗುತ್ತಿತ್ತು. ರಜನಿ ಹೈಸ್ಕೂಲು ಓದಿದ್ದು ಈ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡೇ. ಬೆಳಿಗ್ಗೆ ಎದ್ದು ದೊಡ್ಡಮ್ಮನ ಜೊತೆ ಹೂ ಬಿಡಿಸಿ, ಬೆರಳಿಗೆ ಅಂಟಿದ ಆ ಕಹಿ ವಾಸನೆಯನ್ನು ತರಗತಿವರೆಗೂ ಹೊತ್ತುಕೊಂಡು ಹೋದವಳು. ಅದು ಅಂಗಡಿಯಲ್ಲಿ ಸಸಿ ತಂದು ನೆಟ್ಟ ಹೂವಲ್ಲ. ಮದುವೆಯಾಗಿ ಬರುವಾಗ ಮುನಿಗಂಗಮ್ಮ ಆವನಿಯ ಹತ್ತಿರದ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಮರಿಗಳು. ಪ್ರತಿ ವರ್ಷ ಹೂವಿನ ಕಾಲ ಮುಗಿದ ಮೇಲೆ ಬುಡದಲ್ಲಿ ಒಡೆಯುವ ಮರಿಗಳನ್ನು ಬಿಡಿಸಿ, ಮಳೆಗಾಲಕ್ಕೆ ನೆಡುತ್ತ ಬಂದಿದ್ದಳು. ಸಣ್ಣ ಹೂವು, ಗಾಢ ಹಳದಿ. ಕಟ್ಟಿದ ಹಾರ ಬೇಗ ಬಾಡುತ್ತಿರಲಿಲ್ಲ. ಕೋಲಾರದ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರು ಅದನ್ನು ‘ಗಂಗಮ್ಮನ ಹೂವು’ ಎಂದೇ ಕೇಳುತ್ತಿದ್ದರು.

ಮಾಲೂರಿನ ಕಡೆಯಿಂದ ದೀಪದ ಕಂಪನಿಯವನೊಬ್ಬ ಬಂದು ಬಡಾವಣೆಯ ಗೇಟಿನ ಹತ್ತಿರ ಮಾದರಿ ಕಂಬಗಳನ್ನು ನೆಟ್ಟ. ಒಂದು ಲಾಂದ್ರದ ಆಕಾರದ್ದು, ಒಂದು ಸಾದಾ ಚಪ್ಪಟೆ ದೀಪ. ಇನ್ನೊಂದಕ್ಕೆ ಬಳ್ಳಿಯಂತೆ ಬಳುಕಿದ ಎರಡು ಕೈಗಳು, ಒಂದೊಂದು ಕೈಯಲ್ಲೂ ಹಾಲುಬಿಳಿ ಗುಂಡು. ಸಂಜೆ ಹಚ್ಚಿ ನೋಡಿದಾಗ ರಜನಿಯ ಕಣ್ಣು ಆ ಗುಂಡುಗಳ ಮೇಲೆಯೇ ನಿಂತಿತು.

“ಮೇಡಂ, ಇದು ಎಲ್ಲಾ ಕಡೆಗೂ ಬೆಳಕು ಚೆಲ್ಲುತ್ತೆ,” ಎಂದ ಕಂಪನಿಯವನು. “ಆ ಕಡೆ ಬರೀ ಹೊಲ ಅಲ್ವಾ? ಸುಮ್ನೆ ವೇಸ್ಟು. ಬೇಕಾದ್ರೆ ಹಿಂದ್ಗಡೆ ತಗಡಿನ ಮರೆ ಹಾಕಿಸಿಕೊಡ್ತೀನಿ.”

ಅವನು ತೋರಿಸಿದ ಮರೆ ಗುಂಡಿನ ಅರ್ಧ ಮುಖ ಮುಚ್ಚುವಂತಿತ್ತು.

“ಬೇಡಪ್ಪ, ಅಂದವೇ ಹೋಗುತ್ತೆ,” ಎಂದಳು ರಜನಿ.

ಮುನೇಶ್ ಅವರಿಗೂ ಗುಂಡುಗಳೇ ಹಿಡಿಸಿದವು. ಶ್ರಾವಣದಲ್ಲಿ ಕಂಬಗಳು ಎದ್ದವು. ದೀಪ ಹತ್ತಿದ ಸಂಜೆ ಮುನಿಗಂಗಮ್ಮ ದನದ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬೇಲಿಯವರೆಗೂ ಬಂದಳು.

“ಇದನ್ನೆಲ್ಲ ನೀನೇ ಆಯ್ದಿದ್ದೇನೇ ಪಾಪಾ? ಮದ್ವೆ ಮನೆ ಇದ್ದಂಗೈತೆ ಕಣೇ!” ಎಂದು ಬಾಯ್ತುಂಬ ನಕ್ಕಳು. ಆಮೇಲೆ ತುಸು ಸಂಕೋಚದಿಂದ, “ರಾತ್ರಿ ಎಲ್ಲಾ ಉರೀತವಾ? ಹಸ ಈಯೋ ಟೈಮಲ್ಲಿ ಕೊಟ್ಟಿಗೆಗೆ ಹೋಗ್ಬೇಕಂದ್ರೆ ಹಾವಿನ ಭಯ. ಈ ಸಾಲಾದ್ರೂ ಆರಿಸ್ದೆ ಬಿಟ್ರೆ ನಂಗೆ ಉಪಕಾರ ಆಗ್ತೈತೆ,” ಎಂದಳು.

ದೊಡ್ಡಮ್ಮ ಜೀವಮಾನದಲ್ಲಿ ಅವಳನ್ನು ಏನನ್ನೂ ಕೇಳಿದವಳಲ್ಲ. ಮಿಕ್ಕ ಸಾಲುಗಳು ರಾತ್ರಿ ಊಟದ ಹೊತ್ತು ಕಳೆದ ಮೇಲೆ ತಾವೇ ಆರುವಂತೆ ಟೈಮರ್ ಇಟ್ಟ ರಜನಿ, ಹೊಲದ ಕಡೆಯ ಸಾಲನ್ನು ಮಾತ್ರ ಬೆಳಗಿನವರೆಗೂ ಉರಿಯಲು ಬಿಟ್ಟಳು. ಮನೆಗೆ ಹೋಗುವಾಗ ಅವಳ ಮನಸ್ಸು ತುಂಬಿತ್ತು.

ನವರಾತ್ರಿ ಹತ್ತಿರ ಬಂತು. ಪ್ರತಿ ವರ್ಷ ಅಷ್ಟು ಹೊತ್ತಿಗೆ ಹೊಲಕ್ಕೆ ಹೊಲವೇ ಮೊಗ್ಗಾಗಿರುತ್ತಿತ್ತು. ಈ ಸಲ ಗಿಡಗಳು ಮೊಣಕಾಲು ದಾಟಿ, ಕಡುಹಸಿರಾಗಿ, ಸೊಕ್ಕಿ ನಿಂತಿದ್ದವು. ತುದಿಯಲ್ಲಿ ಮಾತ್ರ ಏನೂ ಇಲ್ಲ. ದೊಡ್ಡಪ್ಪ ಅಪ್ಪಾಜಪ್ಪ ಗೊಬ್ಬರ ಹೆಚ್ಚಾಯಿತೆಂದ. ಮಗ ಕದಿರೇಶ ಔಷಧಿ ಅಂಗಡಿಯವನನ್ನು ಕರೆತಂದು ಏನೋ ಸಿಂಪಡಿಸಿದ. ಗಿಡ ಇನ್ನಷ್ಟು ಬೆಳೆಯಿತು.

ಒಂದು ಬೆಳಿಗ್ಗೆ ಸೈಟಿಗೆ ಬಂದ ರಜನಿ ಬೇಲಿಯ ಹತ್ತಿರ ನಿಂತು ನೋಡಿದಳು. ಅಷ್ಟಗಲ ಹಸಿರಿನ ನಡುವೆ, ಕೊಟ್ಟಿಗೆಯ ಹಿಂದೆ ಮಾತ್ರ ಒಂದು ಹಳದಿ ಪಟ್ಟಿ. ಗೋಡೆಯ ಬುಡದಲ್ಲಿ ಶುರುವಾಗಿ, ದೂರ ಹೋದಂತೆ ಅಗಲವಾಗುತ್ತ ಹೊಲದ ಆಚೆಯ ಬದುವಿನವರೆಗೂ ಚಾಚಿತ್ತು. ಅಲ್ಲಿ ಹೂವು ಎಂದಿನಂತೆ ಬಿರಿದಿತ್ತು. ಅವಳು ಹೊರಳಿ ತನ್ನ ಕಂಬಗಳನ್ನು ನೋಡಿದಳು. ಮತ್ತೆ ಕೊಟ್ಟಿಗೆಯನ್ನು ನೋಡಿದಳು. ಹೂವು ಬಿಟ್ಟಿದ್ದದ್ದು ದೀಪದ ಬೆಳಕಿಗೆ ಗೋಡೆ ಅಡ್ಡ ಬಂದ ಜಾಗದಲ್ಲಿ ಮಾತ್ರ.

ತೋಟಗಾರಿಕೆ ಇಲಾಖೆಯಲ್ಲಿದ್ದ ಗೆಳತಿ ಶ್ಯಾಮಲಾಗೆ ಅಲ್ಲಿಂದಲೇ ಫೋನು ಮಾಡಿದಳು.

“ಸೇವಂತಿಗೆಗೆ ಉದ್ದನೆ ಕತ್ತಲೆ ಬೇಕು ಕಣೇ,” ಎಂದಳು ಶ್ಯಾಮಲಾ. “ರಾತ್ರಿಯೆಲ್ಲ ಬೆಳಕಿದ್ರೆ ಇನ್ನೂ ಬೇಸಿಗೆ ಅಂದ್ಕೊಂಡು ಬೆಳೀತಾನೇ ಇರುತ್ತೆ, ಮೊಗ್ಗು ಕಟ್ಟಲ್ಲ. ಈಗ್ಲೇ ಆರಿಸಿಬಿಡು. ಕಾರ್ತಿಕಕ್ಕಾದ್ರೂ ಹೂ ಬರುತ್ತೆ.”

ರಜನಿ ನೇರವಾಗಿ ಕಚೇರಿಗೆ ಹೋದಳು. ಮುನೇಶ್ ಕೆಟ್ಟ ಮನುಷ್ಯನಲ್ಲ, ಪೂರ್ತಿ ಕೇಳಿಸಿಕೊಂಡರು.

“ಅಯ್ಯೋ ಪಾಪ. ಮರೆ ಹಾಕಿಸೋಣ, ನಾನೇ ಆರ್ಡರ್ ಕೊಡ್ತೀನಿ. ಆದ್ರೆ ವಿಜಯದಶಮಿ ಕಳೀಲಿ ಮೇಡಂ. ಹಬ್ಬದಲ್ಲಿ ದಿನಾ ಸಂಜೆ ಸೈಟ್ ನೋಡೋಕೆ ಜನ ಬರ್ತಾರೆ. ಒಂದು ಸಾಲು ಕತ್ತಲಾದ್ರೆ ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ.”

“ಆಯ್ತು ಸಾರ್,” ಎಂದಳು ರಜನಿ.

ಟೈಮರ್ ಪೆಟ್ಟಿಗೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ನೋಡಲು ಬಂದವರು ಹೊರಟ ಮೇಲೆ ಆ ಸಾಲೂ ಆರುವಂತೆ ತಿರುಗಿಸಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದು ಹೊಳೆಯದೇ ಇರಲಿಲ್ಲ. ಆದರೆ ವಾಚ್‌ಮನ್ ಹೇಳಿಬಿಟ್ಟರೆ? ಮುನೇಶ್ ಸಾರ್ ಮಾತು ಕೊಟ್ಟಿದ್ದಾರಲ್ಲ, ಹಬ್ಬ ಕಳೆದರೆ ಆಯಿತು ಎಂದುಕೊಂಡಳು.

ಆಯುಧಪೂಜೆಯ ದಿನ ದೊಡ್ಡಮ್ಮನ ಮನೆಗೆ ಹೋದಳು. ಮುನಿಗಂಗಮ್ಮ ಕೊಟ್ಟಿಗೆಯ ಹಿಂದಿನ ಹೂವನ್ನಷ್ಟೇ ಬಿಡಿಸಿ ಟ್ರ್ಯಾಕ್ಟರಿಗೆ ಹಾರ ಮಾಡಿದ್ದಳು. ಒಬ್ಬಟ್ಟು ಬಡಿಸುತ್ತ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

“ನನ್ ಕೈಗುಣ ಹೋಯ್ತು ಕಣೇ ಪಾಪಾ. ನಮ್ಮಮ್ಮ ಕೊಟ್ಟ ಗಿಡ, ಬರಗಾಲದಲ್ಲೂ ಹೂವ ಬಿಟ್ಟಿತ್ತು. ನಂಗೆ ವಯಸ್ಸಾಯ್ತು ಅಂತ ಅದುಕ್ಕೂ ಗೊತ್ತಾಗೈತೆ.”

ರಜನಿ ಕೈಯಲ್ಲಿದ್ದ ಒಬ್ಬಟ್ಟಿನ ತುಂಡನ್ನು ಎಲೆಯ ಮೇಲಿಟ್ಟಳು. ಹೇಳಿಬಿಡಬೇಕು ಎಂದುಕೊಂಡಳು. ಹೇಳಿದರೆ, ಗೊತ್ತಿದ್ದೂ ಇನ್ನೂ ಏಕೆ ಉರಿಸುತ್ತಿದ್ದೀಯ ಎಂಬ ಮಾತು ಬರುತ್ತದೆ. ದೀಪ ಆರಿಸಿ, ಮರೆ ಹಾಕಿಸಿ, ಮೊಗ್ಗು ಕಂಡ ಮೇಲೆ ನಗುನಗುತ್ತ ಹೇಳಿದರೆ ಚೆನ್ನ.

“ಇನ್ನೊಂಚೂರು ದಿನ ನೋಡು ದೊಡ್ಡಮ್ಮ, ಬಂದೇ ಬರುತ್ತೆ,” ಎಂದಳು.

ಅದನ್ನು ಬರೀ ಸಮಾಧಾನದ ಮಾತು ಎಂದುಕೊಂಡ ಮುನಿಗಂಗಮ್ಮ ಅವಳ ತಲೆ ಸವರಿದಳು.

ವಿಜಯದಶಮಿಯ ಮರುದಿನ ಬೆಳಿಗ್ಗೆಯೇ ಮುನೇಶ್ ಒಪ್ಪಿಗೆ ಕೊಟ್ಟರು. ಆ ಸಾಲು ಇನ್ನು ರಾತ್ರಿ ಉರಿಯದಂತೆ ಸ್ವಿಚ್ಚು ಆಫ್ ಮಾಡಿ ರಜನಿ ಬೇಲಿಯ ಕಡೆ ನಡೆದಳು. ಎದುರಿಗೆ ಹಸಿರೂ ಇರಲಿಲ್ಲ, ಹಳದಿಯೂ ಇರಲಿಲ್ಲ. ಕದಿರೇಶನ ಟ್ರ್ಯಾಕ್ಟರು ಬದುವಿನ ಹತ್ತಿರ ಕೊನೆಯ ಸುತ್ತು ಹೊಡೆಯುತ್ತಿತ್ತು. ಮರಿ ಒಡೆಯುವವರೆಗೂ ಕಾಯದೆ, ಹೂವಿನ ಬದಲು ಹಸುಗಳಿಗೆ ಮೇವಿನ ಹುಲ್ಲು ಬೆಳೆಯುವುದೆಂದು ಹಬ್ಬದ ರಾತ್ರಿ ಮನೆಯಲ್ಲಿ ಮಾತಾಗಿತ್ತಂತೆ. ಮುನಿಗಂಗಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ರಜನಿ ಬೇಲಿ ದಾಟಿ ಅವಳ ಹತ್ತಿರಕ್ಕೆ ಓಡಿದಳು.

“ಅದ್ಯಾಕೆ ಹಂಗೆ ಓಡಿ ಬಂದೆ?” ಎಂದಳು.

ರಜನಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಗುಂಡು ದೀಪ, ತಾನು ಬೇಡವೆಂದ ಮರೆ, ಶ್ಯಾಮಲಾ ಹೇಳಿದ್ದು, ಹಬ್ಬ ಕಳೆಯಲೆಂದು ಕಾದದ್ದು. ಮುನಿಗಂಗಮ್ಮ ಟ್ರ್ಯಾಕ್ಟರಿನಿಂದ ಕಣ್ಣು ತೆಗೆದು ಅವಳತ್ತ ತಿರುಗಿದಳು.

“ಆವತ್ತು ಒಬ್ಬಟ್ಟು ತಿನ್ನೋವಾಗ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ದೊಡ್ಡಮ್ಮ.”

“ಒಂದು ಮಾತು ಅನ್ಬಾರ್ದಿತ್ತೇನೇ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಬಿಡು. ರಾತ್ರಿಯೆಲ್ಲ ದೀಪ ಇರ್ಲಿ ಅಂದೋಳು ನಾನೇ ಅಲ್ವಾ,” ಎಂದು ಎದ್ದು ಕೊಟ್ಟಿಗೆಯ ಕಡೆ ಹೋದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ತಪ್ಪನ್ನೂ ದೊಡ್ಡಮ್ಮ ತನ್ನ ತಲೆಯ ಮೇಲೆಯೇ ಹಾಕಿಕೊಂಡದ್ದು ರಜನಿಗೆ ತಡೆಯಲಾಗಲಿಲ್ಲ.

ಅವಳು ಹೆಂಟೆಗಳ ನಡುವೆ ಬಗ್ಗಿ, ಬೇರು ಉಳಿದ ಬುಡಗಳನ್ನು ಆರಿಸಿ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋದಳು. ಮನೆಯ ತಾರಸಿಯ ಮೇಲೆ ಕುಂಡಗಳಲ್ಲಿ ನೆಟ್ಟಳು. ನೇಗಿಲಿಗೆ ಸಿಕ್ಕಿ ನುರಿದು, ಬಿಸಿಲಿಗೆ ಸುಟ್ಟಿದ್ದವು, ಒಂದೂ ಚಿಗುರಲಿಲ್ಲ. ರಜೆ ಹಾಕಿ ಆವನಿಯ ಕಡೆಗೂ ಹೋಗಿಬಂದಳು. ದೊಡ್ಡಮ್ಮನ ತವರಿನಲ್ಲಿ ಈಗ ಟೊಮೆಟೊ. ಅಂಥ ಹೂವು ಇತ್ತೆಂದು ನೆನಪಿದ್ದವರು ಇದ್ದರು, ಗಿಡ ಇಟ್ಟುಕೊಂಡವರು ಇರಲಿಲ್ಲ. ಮುಳಬಾಗಿಲಿನ ನರ್ಸರಿಯವನು ಸೇವಂತಿಗೆ ಎಂದು ತೋರಿಸಿದ್ದೆಲ್ಲ ದೊಡ್ಡ ದೊಡ್ಡ, ವಾಸನೆಯಿಲ್ಲದ ಹೂವು.

ಮುನಿಗಂಗಮ್ಮ ಅವಳನ್ನು ದೂರ ಮಾಡಲಿಲ್ಲ. ಹೋದಾಗ ಮೊದಲಿನಂತೆಯೇ ಕಾಫಿ ಕೊಟ್ಟಳು, ಹಾಲು ಕೊಟ್ಟು ಕಳಿಸಿದಳು. ಆದರೆ ಏನನ್ನೂ ಮತ್ತೆ ಕೇಳಲಿಲ್ಲ.

ಕಾರ್ತಿಕದ ಒಂದು ಸೋಮವಾರ ಬೆಳಿಗ್ಗೆ ರಜನಿ ಕೋಲಾರದ ಮಾರ್ಕೆಟ್ಟಿನಲ್ಲಿ ಹೋಗುತ್ತಿರುವಾಗ, ಹೂವಿನವರ ಸಾಲಿನಲ್ಲಿ ದೊಡ್ಡಮ್ಮ ನಿಂತಿದ್ದಳು. ಹೂವಿನವಳು ಅವಳ ಗುರುತು ಹಿಡಿದು, “ಇದೇನು ಗಂಗಮ್ಮ, ನೀನು ಬಂದು ಹೂ ಕೊಳ್ತಿದ್ದೀಯಾ?” ಎಂದು ಬೆರಗಿನಿಂದ ಕೇಳುತ್ತಿದ್ದಳು. ಮುನಿಗಂಗಮ್ಮ ಸುಮ್ಮನೆ ನಕ್ಕು, “ಎರಡು ಮೊಳ ಕೊಡಮ್ಮಾ, ಬಸ್ಸಿಗೆ ಹೊತ್ತಾಯ್ತು,” ಎಂದಳು.

ಹತ್ತಿರ ಹೋಗಿ ಮಾತಾಡಿಸಬೇಕೆಂದು ರಜನಿ ಎರಡು ಹೆಜ್ಜೆ ಇಟ್ಟಳು. ದೊಡ್ಡಮ್ಮ ಹಾರವನ್ನು ಮೂಗಿನ ಹತ್ತಿರ ಹಿಡಿದು, ವಾಸನೆ ಸಿಗದವಳಂತೆ ಕೆಳಗಿಳಿಸಿದ್ದು ಕಾಣಿಸಿತು. ರಜನಿ ಅಲ್ಲೇ ನಿಂತುಬಿಟ್ಟಳು. ಮುನಿಗಂಗಮ್ಮ ಹೂವನ್ನು ಚೀಲದೊಳಗಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋದಳು.