ಹೆಬ್ಬಾತಿನ ಸಾವಿಗೊಂದು ಸಾಕ್ಷಿ

“ನೀನು ಇಳಿ,” ಎಂದರು ಅರಣ್ಯ ಇಲಾಖೆಯ ಸಾಹೇಬರು. “ನಿಮ್ಮ ಜನಕ್ಕೆ ಕೆಸರು ಅಭ್ಯಾಸ ತಾನೆ?”

ರೇವತಿ ಇಳಿದಳು. ಸುರಪುರದಲ್ಲಿ ಇಸ್ತ್ರಿ ಮಾಡಿಸಿ ತಂದಿದ್ದ ಚೂಡಿದಾರ ಮೊಣಕಾಲಿನವರೆಗೂ ಬೋನಾಳ ಕೆರೆಯ ಕಪ್ಪು ರಾಡಿ ಕುಡಿಯಿತು. ಉರುಲಿಗೆ ಕಾಲು ಸಿಕ್ಕ ಹೆಬ್ಬಾತು ರೆಕ್ಕೆ ಬಡಿದು ಅವಳ ಮುಖಕ್ಕೆಲ್ಲ ನೀರು ಎರಚಿತು. ಬಿಳಿ ತಲೆ, ಅದರ ಮೇಲೆ ಎರಡು ಕರಿ ಪಟ್ಟೆ. ಎರಡೂ ಕೈಯಿಂದ ರೆಕ್ಕೆ ಮಡಿಸಿ ಹಿಡಿದು, ಕಾಲಿನ ಕುಣಿಕೆ ಬಿಡಿಸಿದಳು.

ಲಕ್ಷ್ಮಿಕಾಂತ ಬಿಳಿ ಬೂಟಿಗೆ ಹನಿ ತಾಗದಂತೆ ದಂಡೆಯ ಮೇಲೆ ನಿಂತಿದ್ದ. ಅವನೂ ಅದೇ ಹುದ್ದೆಗೆ ಬಂದವನು. ಜೀವವೈವಿಧ್ಯ ಸಂರಕ್ಷಣೆಯ ಸರ್ಕಾರಿ ಯೋಜನೆ, ಸಂಶೋಧನಾ ಸಹಾಯಕನ ಕೆಲಸ, ಇರುವುದು ಒಂದೇ. ನಿನ್ನೆ ಯಾದಗಿರಿಯಲ್ಲಿ ನಡೆದ ಸಂದರ್ಶನದಲ್ಲಿ ಅವನ ಪ್ರಬಂಧದ ಬಗ್ಗೆ ಕೇಳಿದ್ದರು. ಇವಳ ಊರು, ಓಣಿ ಕೇಳಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಬಾತಿನ ಸಾರು ಹೇಗಿರುತ್ತಮ್ಮ?”

ಮೇಜಿನ ಆಚೆ ಕೂತವರೆಲ್ಲ ನಕ್ಕಿದ್ದರು.

“ಚಲೋ ಇರ್ತದ್ರಿ,” ಎಂದಿದ್ದಳು ರೇವತಿ. “ಸಣ್ಣಾಕಿ ಇದ್ದಾಗ ತಿಂದೀನಿ. ಎಮ್ಮೆಸ್ಸಿ ಮಾಡಿದ್ದು ಆಮ್ಯಾಲ.”

ಇಂದು ಕೆರೆಯಲ್ಲಿ ಪರೀಕ್ಷೆ. ಹಕ್ಕಿ ಹಿಡಿದು, ಕಾಲಿಗೆ ಗುರುತಿನ ಬಳೆ ತೊಡಿಸಿ ಬಿಡಬೇಕು. ಸಾಹೇಬರು ಬೆಂಗಳೂರಿನಿಂದ ತಂದು ರಾತ್ರಿಯೇ ಹಾಕಿಸಿದ್ದ ಬಲೆಗೆ ಒಂದು ಹಕ್ಕಿಯೂ ಬಿದ್ದಿರಲಿಲ್ಲ. ನಾಳೆ ದೊಡ್ಡ ಅಧಿಕಾರಿಗಳು ಬರುವವರಿದ್ದರು, ಅವರಿಗೆ ತೋರಿಸಲು ವಿಡಿಯೋ ಬೇಕಿತ್ತು. ಅದಕ್ಕೇ ನಸುಕಿನಲ್ಲಿ ಜೀಪು ಹಕ್ಕಿ ಹಿಡಿಯುವವರ ಓಣಿಗೆ ಹೋಗಿ, ರೇವತಿಯ ಅಪ್ಪ ಲಾಲಪ್ಪನನ್ನು ಹತ್ತಿಸಿಕೊಂಡು ಬಂದಿತ್ತು.

“ಉರುಲು ಹಾಕಿದ್ದಕ್ಕ ನನ್ನ ಜೇಲಿಗೆ ಹಾಕಿದ್ರಿ, ಸಾಹೇಬ್ರ,” ಎಂದಿದ್ದ ಲಾಲಪ್ಪ. “ಬಿಟ್ಟು ಭಾಳ ದಿನ ಆತು.”

“ಈಗ ನಾನೇ ಹೇಳ್ತಿದೀನಲ್ಲ, ಹಾಕು. ಮಗಳಿಗೆ ಕೆಲಸ ಬೇಡವಾ?”

ಲಾಲಪ್ಪ ಹಾಕಿದ್ದ.

“ಕೊಡು ಇಲ್ಲಿ.” ಸಾಹೇಬರು ರೇವತಿಯ ಕೈಯಿಂದ ಹೆಬ್ಬಾತು ಕಿತ್ತುಕೊಂಡು ಬಗಲಲ್ಲಿ ಅವುಚಿಕೊಂಡರು. ಲಕ್ಷ್ಮಿಕಾಂತ ಮೊಬೈಲು ಎತ್ತಿದ. ಸಾಹೇಬರ ಗಂಟಲು ಭಾಷಣಕ್ಕೆ ತಿರುಗಿತು: “ಹಿಮಾಲಯ ದಾಟಿ ಬರುವ ಈ ಅತಿಥಿಗಳನ್ನು ಸ್ಥಳೀಯರ ಕೈಯಿಂದ ಕಾಪಾಡುವುದೇ ನಮ್ಮ ಗುರಿ...”

“ಸರ್, ಎದಿ ಒತ್ತಬ್ಯಾಡ್ರಿ. ಉಸಿರಾಡಾಕ ಆಗಂಗಿಲ್ಲ ಅದಕ್ಕ.”

“ನನಗೇ ಪಾಠ ಹೇಳ್ತೀಯೇನೇ?”

“ಸರ್, ನಡುವ ಈಕಿ ದನಿ ಬಂತ್ರಿ,” ಎಂದ ಲಕ್ಷ್ಮಿಕಾಂತ. “ಇನ್ನೊಮ್ಮಿ ಹೇಳ್ರಿ.”

ಸಾಹೇಬರು ಹಕ್ಕಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿ ಮೊದಲಿನಿಂದ ಹೇಳಿದರು. ಮಾತು ಹಿಮಾಲಯ ದಾಟಿ ಅತಿಥಿಗಳವರೆಗೆ ಬರುವಷ್ಟರಲ್ಲಿ ಆ ಉದ್ದನೆಯ ಕುತ್ತಿಗೆ ಅವರ ಮೊಣಕೈ ಮೇಲೆ ಜೋತುಬಿತ್ತು.

ಸಾಹೇಬರು ಅದನ್ನು ಹುಲ್ಲಿನ ಮೇಲೆ ಹಾಕಿ, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

“ವಿಡಿಯೋ ಅಳಿಸು.”

ಲಕ್ಷ್ಮಿಕಾಂತ ಆಗಲೇ ಅಳಿಸುತ್ತಿದ್ದ.

ಸಾಹೇಬರು ಫೋನು ತೆಗೆದು ಗಾರ್ಡ್ ಬಸಲಿಂಗನಿಗೆ ಹಚ್ಚಿದರು. “ಬೇಗ ಬನ್ರಿ. ಕೆರೆ ಹತ್ರ ಒಬ್ಬ ಬೇಟೆಗಾರ ಸಿಕ್ಕಿದ್ದಾನೆ. ಉರುಲು ಸಮೇತ.”

ಲಾಲಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

“ನೋಡಮ್ಮ ರೇವತಿ.” ಸಾಹೇಬರ ದನಿ ಈಗ ಬೆಣ್ಣೆಯಾಗಿತ್ತು. “ನಾವು ಬರೋದರೊಳಗೆ ಉರುಲಿಗೆ ಬಿದ್ದು ಸತ್ತಿತ್ತು ಅನ್ನು, ಸಾಕು. ಅಪ್ಪನ ಮೇಲೆ ಮಗಳೇ ಹೇಳಿದ ಮೇಲೆ ಯಾರೂ ಇನ್ನೊಂದು ಮಾತು ಕೇಳಲ್ಲ. ಕೆಲಸ ನಿನ್ನದು.”

“ಸರ್, ಮತ್ತ ನಾನು?” ಎಂದ ಲಕ್ಷ್ಮಿಕಾಂತ.

“ನಿನಗೆ ಇನ್ನೊಂದು ಕಡೆ ನೋಡೋಣ, ಸುಮ್ನಿರು.”

ರೇವತಿ ಬಾಯಿ ತೆರೆಯುವ ಮೊದಲೇ ಲಾಲಪ್ಪ ಅವಳ ರಟ್ಟೆ ಹಿಡಿದು ಆಚೆ ಎಳೆದ.

“ಹೇಳಿಬಿಡವ್ವ.”

“ಏನ್ ಮಾತಾಡ್ತಿಯಪ್ಪಾ?”

“ಜೇಲು ನನಗೇನು ಹೊಸಾದಾ? ಮನ್ಯಾಗಿಂತ ಹೊತ್ತಿಗೆ ಸರಿಯಾಗಿ ರೊಟ್ಟಿ ಬರ್ತಾವ. ಈ ಬೋಳಿಮಕ್ಕಳ ಎದುರಿಗೆ ನೀ ಕುರ್ಚಿ ಮ್ಯಾಲ ಕುಂತದ್ದು ಒಮ್ಮಿ ನೋಡಬೇಕು ನಾ. ನಿಮ್ಮವ್ವನೂ ಅದನ್ನಽ ಅಂತಿದ್ಲು. ಹೇಳು.”

“ಬಾಯಿ ಮುಚ್ಚು.”

“ನಿನಗೇನ್ ಹೋಗ್ತದ? ಹೋಗೋದು ನನ್ನ ಮರ್ಯಾದಿ. ಅದು ಇದ್ದಿದ್ದಽ ಯಾವಾಗ?”

ಅವಳಿಗೆ ಸಾಹೇಬರಿಗಿಂತ ಹೆಚ್ಚಿನ ಸಿಟ್ಟು ಈ ಮುದುಕನ ಮೇಲೆ ಬಂತು. ಒದ್ದೆಯಾದ ಧೋತರ, ಬಡಕಲು ಕಾಲು, ಮುಖದ ಮೇಲೆ ಸಂತೆಯಲ್ಲಿ ಒಳ್ಳೆ ಬೆಲೆ ಸಿಕ್ಕವನ ಹುರುಪು. ತನ್ನನ್ನೇ ಮಾರಿಕೊಳ್ಳಲು ಎಷ್ಟು ಅವಸರ ಇವನಿಗೆ.

ಏರಿಯ ಮೇಲಿಂದ ಮೋಟರ್‌ಸೈಕಲ್ಲು ಇಳಿದು ಬಂತು. ಬಸಲಿಂಗ ಸ್ಟ್ಯಾಂಡು ಹಾಕುವ ಮೊದಲೇ ಕೂಗಿದ:

“ಮತ್ತ ಶುರು ಹಚ್ಚಿಯೇನಲೇ ಲಾಲ್ಯಾ, ಹಲ್ಕಟ್ ಸೂಳಿಮಗನ!”

ಬಂದವನೇ ಕುತ್ತಿಗೆಪಟ್ಟಿ ಹಿಡಿದ. ಲಾಲಪ್ಪ ಬಿಡಿಸಿಕೊಳ್ಳಲಿಲ್ಲ, ಹಿಡಿಯಲು ಅನುಕೂಲವಾಗಲೆಂದು ಕತ್ತು ತುಸು ಬಗ್ಗಿಸಿದ. ಬಗ್ಗಿಸಿಕೊಂಡೇ ಮಗಳತ್ತ ಹುಬ್ಬು ಹಾರಿಸಿದ, ಹೇಳು ಎಂಬಂತೆ.

“ಈ ಹುಡುಗಿ ಕಣ್ಣಾರೆ ನೋಡಿದ್ದಾಳೆ,” ಎಂದರು ಸಾಹೇಬರು. “ಹೇಳಮ್ಮ. ಸೋಮವಾರ ಡ್ಯೂಟಿಗೆ ಸೇರಬೇಕಲ್ಲ ನೀನು.”

ಬಸಲಿಂಗ ಅವಳನ್ನು ನೋಡಿದ. ಲಕ್ಷ್ಮಿಕಾಂತ ತನ್ನ ಬೂಟು ನೋಡಿಕೊಂಡ.

“ಹಕ್ಕಿ ನಿಮ್ಮ ಬಗಲಾಗ ಸತ್ತದ,” ಎಂದಳು ರೇವತಿ. “ಉರುಲು ಹಾಕಿಸಿದವರೂ ನೀವಽ.”

“ಅವ್ವಾ...” ಎಂದ ಲಾಲಪ್ಪ.

“ಕೆಲಸ ಕೈಯಲ್ಲಿಟ್ಟು ಕೊಡ್ತಿದೀನಿ,” ಎಂದರು ಸಾಹೇಬರು. “ಯೋಚನೆ ಮಾಡಿ ಮಾತಾಡು.”

“ಮಾಡೀನ್ರಿ. ನಿಮ್ಮ ನೌಕರಿ ನನಗ ಬ್ಯಾಡ.”