ಲಕೋಟೆಯಲ್ಲಿಲ್ಲದ ಸದ್ದು

ಅಂಗಿಯ ಕೊನೆಯ ಗುಂಡಿ ಹೊಲಿದು ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಾಗ ಕರೆಗಂಟೆ ಸದ್ದು ಮಾಡಿತು. ಅವಳು ಅಂಗಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಳು. ಎರಡು ತಿಂಗಳಿಂದ ಅವನು ಕೇಳುತ್ತಲೇ ಇದ್ದ, ಈ ಗುಂಡಿಯೊಂದನ್ನು ಹಾಕಿಕೊಡು ಎಂದು. ನಾಳೆ, ನಾಳೆ ಎಂದು ಇವಳು ದಾಟಿಸುತ್ತಲೇ ಇದ್ದಳು. ಮೂವತ್ತು ವರ್ಷ ಊರವರ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟವಳಿಗೆ ಗಂಡನ ಗುಂಡಿಗೆ ಪುರುಸೊತ್ತು ಸಿಕ್ಕಿದ್ದು ಅವನು ಸತ್ತ ಮರುದಿನ.

ಬಂದವರು ನೀರು ಸರಬರಾಜು ಕಚೇರಿಯ ಇಬ್ಬರು. ಒಬ್ಬಳು ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಇಂಜಿನಿಯರ್ ಹುಡುಗಿ. ಇನ್ನೊಬ್ಬರನ್ನು ಎಲ್ಲರೂ ಕರೆಯುವುದು ಕಿವಿ ಮೇಸ್ತ್ರಿ ಎಂದೇ. ಕಬ್ಬಿಣದ ಸಲಾಕೆಯನ್ನು ರಸ್ತೆಗೆ ಊರಿ, ಮೇಲಿನ ತುದಿಗೆ ಕಿವಿ ಕೊಟ್ಟು, ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳಬಲ್ಲ ಮನುಷ್ಯ. ಇಬ್ಬರೂ ನಡುಮನೆಯಲ್ಲಿ ಮಲಗಿಸಿದ್ದ ಅವನಿಗೆ ಕೈಮುಗಿದರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಾದ ಮೇಲೂ ಹೋಗಲೊಲ್ಲದೆ ನಿಂತಳು.

"ಏನೋ ಹೇಳ್ಬೇಕು ಅಂತಿದೀಯ. ಹೇಳಮ್ಮಾ," ಎಂದಳು ಇವಳು.

"ಇವತ್ತು ಕೇಳ್ಬಾರ್ದು ಆಂಟಿ. ಬೆಳಿಗ್ಗೆ ಆರೂವರೆಗೆ ನಮ್ಮ ಮಷಿನ್ನು ಒಂದು ಸದ್ದು ಹಿಡಿದಿದೆ. ಆಸ್ಪತ್ರೆ ಹಿಂದಿನ ರಸ್ತೆ, ದೊಡ್ಡ ಪೈಪು. ತುಂಬಾ ಸಣ್ಣ ಸದ್ದು. ನಮ್ಮನ್ನ ಪರೀಕ್ಷೆ ಮಾಡೋಕೆ ಅಷ್ಟು ಸಣ್ಣ ಸುಳ್ಳು ಸದ್ದನ್ನ ಸರ್ ಮಾತ್ರ ಇಡ್ತಿದ್ರು. ಅವರು ಇಟ್ಟಿದ್ದಾದ್ರೆ ಬಿಟ್ಬಿಡ್ತೀವಿ. ಅಲ್ಲ ಅಂದ್ರೆ ಈಗ್ಲೇ ಅಗೀಬೇಕು, ಇಲ್ದಿದ್ರೆ ರಸ್ತೆ ಕುಸಿಯುತ್ತೆ."

"ಲಕೋಟೆ ನೋಡ್ಬೇಕು ಅನ್ನು."

ಮೂಲೆಯ ಕುರ್ಚಿಯಲ್ಲಿದ್ದ ಭಾವ, ಅಂದರೆ ಗಂಡನ ಅಣ್ಣ, ಗದರಿದರು. "ಹೆಣ ಇನ್ನೂ ಮನೇಲಿದೆ, ಇವರಿಗೆ ಪೈಪಿನ ಚಿಂತೆ! ನಕ್ಷತ್ರ ಹಿಡೀತೀನಿ ಅಂತ ಓದಿದೋನು ಚರಂಡಿಗಿಳಿದ. ಸತ್ತ ಮೇಲಾದ್ರೂ ಬಿಡ್ರಯ್ಯಾ ಅವನನ್ನ."

"ಚರಂಡಿ ಅಲ್ಲ ಭಾವ, ಕುಡಿಯೋ ನೀರು," ಎಂದು ಅವಳು ಎದ್ದಳು. ಈ ಮಾತನ್ನು ಹದಿನಾಲ್ಕು ವರ್ಷಗಳಿಂದ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

*

ಮದುವೆಯಾದ ಹೊಸತರಲ್ಲಿ ಅವನು ಗುರುತ್ವದ ಅಲೆಗಳನ್ನು ಹುಡುಕುತ್ತಿದ್ದ. ಎಲ್ಲೋ ಊಹೆಗೂ ನಿಲುಕದ ದೂರದಲ್ಲಿ ಎರಡು ಸತ್ತ ನಕ್ಷತ್ರಗಳು ಡಿಕ್ಕಿ ಹೊಡೆದರೆ ಜಾಗವೇ ಅದುರುತ್ತದಂತೆ. ಆ ನಡುಕ ಇಲ್ಲಿಗೆ ತಲುಪುವಷ್ಟರಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟಾಗಿರುತ್ತದಂತೆ. ಲಾರಿ, ಗಾಳಿ, ಪಂಪುಗಳ ಗದ್ದಲದಿಂದ ಅದನ್ನು ಹೆಕ್ಕಿ ತೆಗೆಯುವುದು ಅವನ ಕೆಲಸ. ಮನೆಯಲ್ಲೂ ಅದೇ ಧ್ಯಾನ. ಇವಳು ಬಾಯಿ ತೆರೆದರೆ ಸಾಕು, ಕಣ್ಣು ಮುಚ್ಚಿಕೊಂಡು ಎಡ ಅಂಗೈ ಎತ್ತುತ್ತಿದ್ದ. "ಒಂದ್ ಸಲ ಸುಮ್ನಿರೇ."

ಒಂದು ವರ್ಷ ನಿಜವಾಗಿಯೂ ಏನೋ ಸಿಕ್ಕಿತು. ಆರು ತಿಂಗಳು ಅವನಿಗೆ ಅನ್ನ, ನಿದ್ದೆಯ ಗೊಡವೆ ಇರಲಿಲ್ಲ. ಆದರೆ ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಹುಡುಕುವವರ ಕಿವಿ ಚುರುಕಾಗಿದೆಯೇ ಎಂದು ನೋಡಲು ಹಿರಿಯರಿಬ್ಬರು ಗುಟ್ಟಾಗಿ ಸುಳ್ಳು ಸದ್ದನ್ನು ಬೆರೆಸಿ, ಅದರ ದಿನಾಂಕವನ್ನು ಲಕೋಟೆಯಲ್ಲಿಟ್ಟು ಅಂಟಿಸುತ್ತಿದ್ದರು. ಎಲ್ಲ ಲೆಕ್ಕಾಚಾರ ಮುಗಿದ ಮೇಲೆ ತುಂಬಿದ ಸಭೆಯಲ್ಲಿ ಅದನ್ನು ಒಡೆಯುವುದು. ಅವತ್ತಿಗೆಂದು ಇವಳೇ ಹೊಸ ಅಂಗಿ ಹೊಲಿದುಕೊಟ್ಟು ಜೊತೆಗೆ ಹೋಗಿದ್ದಳು. ಹಿರಿಯರು ಲಕೋಟೆ ಒಡೆದು ಓದಿ, "ನಾವೇ ಇಟ್ಟದ್ದು. ನೀವು ಪಾಸಾಗಿದ್ದೀರಿ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು, "ನಿಜ ಅಂದ್ಕೊಂಡಿದ್ದೆ ಕಣೇ," ಎಂದ.

ಮರುವರ್ಷ ಅಲ್ಲಿನ ಅವಧಿ ಮುಗಿಯಿತು. ಮುಂದಿನ ಕೆಲಸ ಸಮುದ್ರದಾಚೆ. ಒಳಕೋಣೆಯಲ್ಲಿ ಇವಳ ತಾಯಿ ಹಾಸಿಗೆ ಹಿಡಿದಿದ್ದರು. "ನೀವು ಹೋಗಿ, ನಾನು ಹೇಗೋ ಇರ್ತೀನಿ," ಎಂದು ಇವಳ ಬಾಯಿ ಹೇಳಿತು. ಅವನು ಬಾಯಿಯ ಮಾತು ಬಿಟ್ಟು ಮುಖ ನೋಡಿದ. ಮುಂದಿನ ತಿಂಗಳು ನೀರಿನ ಕಚೇರಿಗೆ ಸೇರಿದ.

ನಾಲ್ಕು ವರ್ಷಗಳಾದ ಮೇಲೆ ಅಲೆ ಬಂತು. ಈ ಸಲ ನಿಜದ್ದು. ಹಳೆಯ ಗೆಳೆಯರ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅವನು ಮೊಣಕಾಲುದ್ದ ಕೆಸರು ಮಾಡಿಕೊಂಡು ಮನೆಗೆ ಬಂದ. ಪತ್ರಿಕೆ ಆಗಲೇ ಅವನ ಚೀಲದಲ್ಲಿತ್ತು. "ಚೆನ್ನಾಗಿದೆ," ಎಂದಷ್ಟೇ ಹೇಳಿ ಮಡಚಿ ಇಟ್ಟ. ನನ್ನಿಂದಲ್ಲವೇ ನಿಮಗೆ ಅದು ತಪ್ಪಿದ್ದು ಎಂದು ಕೇಳಲು ಅವಳಿಗೆ ಅವತ್ತೂ ಧೈರ್ಯವಾಗಲಿಲ್ಲ, ಆಮೇಲೂ ಆಗಲಿಲ್ಲ. ಹತ್ತು ವರ್ಷ ಆ ಪ್ರಶ್ನೆಯನ್ನು ಗಂಟಲಲ್ಲೇ ಇಟ್ಟುಕೊಂಡು ಬಾಳಿದಳು.

*

ಹೊಸ ಕೆಲಸದಲ್ಲೂ ಅವನು ಕಲಿತ ವಿದ್ಯೆಯನ್ನೇ ಹೂಡಿದ. ಪೈಪುಗಳಿಗೆ ಕಿವಿಯಂಥ ಸಲಕರಣೆ ಕಟ್ಟಿಸಿದ. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾವಿರಾರು ಸದ್ದು ಕೇಳಿಸಿದ. ಇದು ಸೋರಿಕೆ, ಇದು ಬಸ್ಸು, ಇದು ಯಾರೋ ನಲ್ಲಿ ಬಿಟ್ಟದ್ದು ಎಂದು ಅವರು ಹೇಳಿದಂತೆಲ್ಲ ಬರೆದುಕೊಂಡು ಕಂಪ್ಯೂಟರಿಗೆ ಉಣಿಸಿದ. ಅದು ಉದಾಹರಣೆಗಳನ್ನು ನೋಡಿ ನೋಡಿ ತಾನೇ ಕಲಿಯಿತು. ಒಂದು ದಿನ ಇವಳ ಹೊಲಿಗೆ ಯಂತ್ರದ ಪಕ್ಕ ಮೈಕು ಹಿಡಿದು ಕೂತ.

"ಇದೇನ್ರೀ?"

"ಇದು ನೀರಲ್ಲ, ಗದ್ದಲ, ಬಿಟ್ಬಿಡು ಅಂತ ಮಷಿನ್ನಿಗೆ ಕಲಿಸ್ತಿದೀನಿ."

"ನಿಮಗೆ ಯಾರೂ ಕಲಿಸ್ದೇನೇ ಬಂದಿತ್ತಲ್ಲ!"

ಅವನು ನಕ್ಕ ನಗು ಆ ಧ್ವನಿಮುದ್ರಣದಲ್ಲಿ ಈಗಲೂ ಇದೆಯಂತೆ.

ಹಳೆಯ ಪದ್ಧತಿಯನ್ನೂ ತಂದಿದ್ದ. ಗಡಿಯಾರ ಜೋಡಿಸಿದ ಪುಟ್ಟ ಪೆಟ್ಟಿಗೆಗಳನ್ನು ಅಲ್ಲಲ್ಲಿ ಪೈಪಿಗೆ ಕಚ್ಚಿಸುತ್ತಿದ್ದ. ಗೊತ್ತು ಮಾಡಿದ ಹೊತ್ತಿಗೆ ಅವು ಸೋರಿಕೆಯಂತೆಯೇ ಸದ್ದು ಮಾಡುತ್ತಿದ್ದವು. ಪಟ್ಟಿ ಮನೆಯ ಕಪಾಟಿನಲ್ಲಿ, ಲಕೋಟೆಯೊಳಗೆ. ಕಚೇರಿಯವರು ಕೇಳಿದರೆ ಇವಳು ತೆರೆದು ನೋಡಿ ಹೌದು ಅಥವಾ ಇಲ್ಲ ಎನ್ನಬೇಕು, ಅಷ್ಟೇ.

*

ಅಂಗಿಗಳ ಕೆಳಗಿನಿಂದ ಲಕೋಟೆ ತೆಗೆದಳು. ಅವನದೇ ಆಗಿರಲಿ ಎಂದು ಅವಳ ಜೀವ ಹಂಬಲಿಸಿತು. ಬೆಳಿಗ್ಗೆ ಆರೂವರೆಗೆ, ಊರೆಲ್ಲ ಅವನು ಇನ್ನಿಲ್ಲ ಎಂದ ಮೇಲೆ, ಅವನು ಒಮ್ಮೆ ಬಡಿದು ಕರೆದಿರಲಿ. ಪಟ್ಟಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಇವತ್ತಿನ ದಿನಾಂಕ ಇರಲಿಲ್ಲ. ಇನ್ನೊಮ್ಮೆ ಓದಿದಳು. ಕೊನೆಯ ಸಾಲಿನಲ್ಲಿ ಬರುವ ತಿಂಗಳ ಹನ್ನೆರಡು, ಮಧ್ಯಾಹ್ನ ಎರಡೂ ಹತ್ತು, ನಮ್ಮ ಬೀದಿ ಎಂದಿತ್ತು. ಆ ಸಾಲನ್ನು ಬೆರಳಿನಿಂದ ಸವರಿ ಲಕೋಟೆಯನ್ನು ಅಲ್ಲಿಯೇ ಇಟ್ಟಳು.

"ಇಲ್ಲಮ್ಮಾ. ಇದು ಅವರಿಟ್ಟಿದ್ದಲ್ಲ."

"ಹಾಗಾದ್ರೆ ನಿಜದ್ದು!" ಹುಡುಗಿಯ ಮುಖ ಅರಳಿತು. ಹೆಣದ ಮನೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಬೆಳಿಗ್ಗೆ ಸಲಾಕೆ ಊರಿ ಮೂರು ಸಲ ಕೇಳ್ದೆ ತಾಯಿ," ಎಂದರು ಮೇಸ್ತ್ರಿ. "ನನ್ನ ಕಿವಿಗೂ ಬೀಳ್ಲಿಲ್ಲ. ಅವರ ಮಷಿನ್ನು ಕೇಳಿಸ್ಕೊಂಡಿದೆ."

ಅವರು ಓಡಿದರು. ಅವಳು ಗಂಡನಿಗೆ ಅಂಗಿ ತೊಡಿಸಿ, ತಾನು ಹೊಲಿದ ಗುಂಡಿಯನ್ನು ಕೊನೆಗೆ ಹಾಕಿದಳು.

*

ಸ್ಮಶಾನದ ದಾರಿ ಆಸ್ಪತ್ರೆಯ ಹಿಂದೆಯೇ ಹಾದುಹೋಗುತ್ತಿತ್ತು. ರಸ್ತೆಯ ಅರ್ಧಕ್ಕೆ ಹಗ್ಗ ಕಟ್ಟಿ ಅಗೆಯುತ್ತಿದ್ದರು.

"ಇಲ್ಲಿ ನಿಲ್ಸಪ್ಪಾ," ಎಂದಳು ಗಾಡಿಯ ಡ್ರೈವರನಿಗೆ.

"ಈಗ್ಯಾಕೆ? ಹೊತ್ತಾಗುತ್ತೆ," ಎಂದು ಭಾವ ಗೊಣಗುತ್ತಾ ಇಳಿದರು.

ಶವದ ಗಾಡಿ ಕಂಡದ್ದೇ ಹಾರೆ, ಗುದ್ದಲಿಗಳು ನಿಂತವು. ಮೇಸ್ತ್ರಿ ತಲೆಯ ವಸ್ತ್ರ ತೆಗೆದು ಹತ್ತಿರ ಬಂದರು. ಹತ್ತು ವರ್ಷ ಗಂಡನನ್ನು ಕೇಳಲಾಗದ್ದನ್ನು ಅವಳು ಅವರನ್ನು ಕೇಳಿದಳು.

"ಆ ಅಲೆ ಸಿಕ್ತು ಅಂತ ಪೇಪರಲ್ಲಿ ಬಂದ ದಿನ ನೀವು ಜೊತೇಲಿದ್ರಲ್ಲ. ಅವರು ಏನಂದ್ರು?"

ಮೇಸ್ತ್ರಿ ನೆಲ ನೋಡಿದರು. "ಏನೂ ಅನ್ಲಿಲ್ಲ ತಾಯಿ. ಅಗೆದ ಗುಂಡೀಲೇ ಕೂತು ಅತ್ರು. ತುಂಬಾ ಹೊತ್ತು. ಆಮೇಲೆ ಮುಖ ಒರೆಸ್ಕೊಂಡು, ಮೇಸ್ತ್ರಿ, ಸಲಾಕೆ ಕೊಡಿ ಅಂದ್ರು."

ಅತ್ತಿದ್ದಾನೆ. ಅವಳ ಮುಂದೆ ಅಳದೆ, ಗುಂಡಿಯಲ್ಲಿ ಕೂತು ಅತ್ತು, ಮುಖ ಒರೆಸಿಕೊಂಡು ಮನೆಗೆ ಬಂದು ಚೆನ್ನಾಗಿದೆ ಎಂದಿದ್ದಾನೆ.

"ನನಗೂ ಕೊಡಿ ಸಲಾಕೆ," ಎಂದಳು.

ಮೇಸ್ತ್ರಿ ಸಲಾಕೆಯ ತುದಿಯನ್ನು ಗುಂಡಿಯ ತಳದ ಪೈಪಿಗೆ ತಾಗಿಸಿದರು. ಅವಳು ಸೀರೆಯ ಸೆರಗು ಸಿಕ್ಕಿಸಿ ಮಣ್ಣಿನ ಮೇಲೆ ಮಂಡಿಯೂರಿ ಕಿವಿ ಕೊಟ್ಟಳು. ಮೊದಲು ಬರೀ ಗಾಡಿಯ ಎಂಜಿನ್ನಿನ ಗುರುಗುರು.

"ಒಂದ್ ಸಲ ಸುಮ್ನಿರ್ರಪ್ಪಾ," ಎಂದಳು.

ಡ್ರೈವರ್ ಎಂಜಿನ್ ನಿಲ್ಲಿಸಿದ. ಆಗ ಕೇಳಿಸಿತು. ತೆಳ್ಳಗೆ, ಬಿಡದೆ, ಯಾರೋ ಬಟ್ಟೆಯನ್ನು ಹರಿಯುತ್ತಲೇ ಇರುವಂತೆ. ನಿಜದ್ದು. ಅವಳು ಬಹಳ ಹೊತ್ತು ಕೇಳಿದಳು. ಕಣ್ಣೀರು ಮೂಗಿನ ತುದಿಗಿಳಿದು ಕಬ್ಬಿಣದ ಮೇಲೆ ಬಿತ್ತು.

"ಬನ್ನಿ ಭಾವ. ನಿಮ್ಮ ತಮ್ಮ ಹಿಡಿದಿದ್ದು, ಕೇಳಿ."

ಭಾವ ಅಕ್ಕಪಕ್ಕ ನೋಡಿ, ಒಲ್ಲದ ಮನಸ್ಸಿನಿಂದಲೇ ಬಗ್ಗಿದರು. "ಏನೂ ಇಲ್ವಲ್ಲಮ್ಮಾ," ಎಂದರು. ಹಿಂದೆ ಯಾರೋ ಕೆಮ್ಮಿದರು. ಭಾವ ಕಣ್ಣು ಮುಚ್ಚಿದರು. ಅವರ ಎಡ ಅಂಗೈ ತಾನಾಗಿ ಮೇಲೆದ್ದು, ಎಲ್ಲರನ್ನೂ ತಡೆದು, ಹಾಗೆಯೇ ನಿಂತಿತು.